ಮುಂದಿನ ಸೀಟಿನಲ್ಲಿ ಮಾರ್ಟಿನಾ

ಕಣ್ಣಿನ ಡಾಕ್ಟರು ಕಾನ್ರಾಡನ ಮುಖವನ್ನು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಇಡಿಸಿ, ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಡುವೆ ಮಿನುಗಿದ ಚುಕ್ಕೆಗಳಿಗೆಲ್ಲ ಕಾನ್ರಾಡ್ ಸರಿಯಾಗಿ ಒತ್ತಿದ. ಅಂಚಿನಲ್ಲಿ ಮಿನುಗಿದ ಒಂದಕ್ಕೂ ಒತ್ತಲಿಲ್ಲ. ಅಲ್ಲಿ ಚುಕ್ಕೆ ಇದ್ದದ್ದೇ ಅವನಿಗೆ ಗೊತ್ತಾಗಲಿಲ್ಲ.

"ಗ್ಲಾಕೋಮಾ," ಎಂದರು ಡಾಕ್ಟರು. "ಎದುರಿಗಿರುವುದು ಕಾಣುತ್ತದೆ, ಬದಿಯದ್ದು ಹೋಗಿದೆ. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಲು ದಿನಾ ಡ್ರಾಪ್ಸ್ ಹಾಕಿ. ಇವತ್ತಿನಿಂದ ಕಾರು ಓಡಿಸಬೇಡಿ."

"ಇವತ್ತಿನಿಂದಲೇ?"

"ಇವತ್ತಿನಿಂದಲೇ."

ಕಾರು ಕೆಳಗೆ ಪಾರ್ಕಿಂಗಿನಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾರ್ಟಿನಾಳಿಗೆ ಲೈಸೆನ್ಸ್ ಇರಲಿಲ್ಲ. ಹಿಂದೆ ಮೂರು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿ ಅವಳು ಆ ಆಸೆಯನ್ನೇ ಬಿಟ್ಟಿದ್ದಳು. ಕೊನೆಗೆ ನೆರೆಮನೆಯ ರುಡೊಲ್ಫನಿಗೆ ಫೋನ್ ಮಾಡಿದರು. ಅವನು ಟ್ಯಾಕ್ಸಿಯಲ್ಲಿ ಬಂದು, ಕಾನ್ರಾಡನ ಕೈಯಿಂದ ಕೀ ತೆಗೆದುಕೊಂಡು, ಅವರ ಕಾರಿನಲ್ಲೇ ಅವರನ್ನು ಮನೆಗೆ ಕರೆತಂದ. ಕಾನ್ರಾಡ್ ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಬಡಾವಣೆಗಳಿಗೆಲ್ಲ ದೇಶಗಳ ಹೆಸರು. ಅಲ್ಲಿನ ಫ್ರಾನ್ಸ್ ಕ್ಲಸ್ಟರಿನಲ್ಲಿ ಕಾನ್ರಾಡನನ್ನು ತಿಳಿಯದ ಮಂಗಳೂರು, ಉಡುಪಿ ಕಡೆಯವರು ಇರಲಿಲ್ಲ. ಅಲ್ ಕೂಜ್‌ನ ಏಸಿ ಬಿಡಿಭಾಗಗಳ ಗೋದಾಮಿನಲ್ಲಿ ಅವನಿಗೆ ಸ್ಟೋರ್ ನೋಡಿಕೊಳ್ಳುವ ಕೆಲಸ. ಜನರಿಗೆ ಮಾತ್ರ ಅವನು ಗೊತ್ತಿದ್ದದ್ದು ಏಳು ಸೀಟಿನ ಕಾರಿನ ಕಾನ್ರಾಡ್ ಎಂದು. ಊರಿನಿಂದ ಯಾರಾದರೂ ಬಂದಿಳಿದರೆ ಏರ್‌ಪೋರ್ಟಿಗೆ ಅವನೇ ಹೋಗಬೇಕು. ಯಾರದಾದರೂ ಹೆಂಡತಿಗೆ ಹೆರಿಗೆ ನೋವು ಬಂದರೆ ಮೊದಲ ಫೋನ್ ಅವನಿಗೇ. ಊದ್ ಮೆಥಾದ ಇಗರ್ಜಿಯಲ್ಲಿ ಕೊಂಕಣಿ ಪೂಜೆಯಿದ್ದ ದಿನ ಚರ್ಚಿನ ಹಾಡಿನ ತಂಡದ ಅರ್ಧ ಜನ ಅವನ ಕಾರಿನಲ್ಲೇ ಬರುತ್ತಿದ್ದರು. ತಂಡವನ್ನು ನಡೆಸುತ್ತಿದ್ದವನೂ ಅವನೇ. ಹೋಗುವ ದಾರಿಯಲ್ಲೇ ಒಂದು ಸುತ್ತು ಅಭ್ಯಾಸವೂ ಆಗಿಬಿಡುತ್ತಿತ್ತು.

ಮಾರ್ಟಿನಾ ಸತ್ವಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅವಳ ಶಿಫ್ಟು, ಅವನ ಹೊತ್ತು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಾಗಿ ಅವಳು ವರ್ಷಗಳಿಂದ ಬಸ್ಸು, ಮೆಟ್ರೊ, ಮತ್ತೆ ಬಸ್ಸು ಹಿಡಿದು ಓಡಾಡುತ್ತಿದ್ದಳು. "ಪಾಪ, ನನ್ನ ಹೆಂಡತಿಗೆ ದಿನಾ ದುಬೈ ದರ್ಶನ," ಎಂದು ಕಾನ್ರಾಡ್ ಗೆಳೆಯರೆದುರು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಬಸ್ಸಿನಲ್ಲಿ ಅವಳಿಗೆ ನಿದ್ದೆಯಾಗುತ್ತಿತ್ತು, ಮೆಟ್ರೊದಲ್ಲಿ ಜಪಸರ ಮುಗಿಯುತ್ತಿತ್ತು. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಲು ಹೋಗಿರಲಿಲ್ಲ.

ಕಾರು ಮಾರಿದ ಮರುದಿನ ಬೆಳಿಗ್ಗೆ ಅವಳು ಗಂಡನ ಕೈಗೆ ಬಸ್ಸು, ಮೆಟ್ರೊ ಎರಡಕ್ಕೂ ನಡೆಯುವ ಒಂದು ನೋಲ್ ಕಾರ್ಡ್ ಕೊಟ್ಟಳು. "ಒಳಗೆ ಹೋಗುವಾಗ ಒಮ್ಮೆ ಮುಟ್ಟಿಸಿ, ಹೊರಗೆ ಬರುವಾಗ ಒಮ್ಮೆ. ಬೀಪ್ ಅಂತ ಕೇಳಬೇಕು."

"ಅಷ್ಟು ಗೊತ್ತುಂಟು ನನಗೆ," ಎಂದ ಕಾನ್ರಾಡ್.

ಸೆಂಟರ್‌ಪಾಯಿಂಟ್ ನಿಲ್ದಾಣದ ತನಕ ಬಸ್ಸಿನಲ್ಲಿ ತೊಂದರೆಯಾಗಲಿಲ್ಲ. ಮೆಟ್ರೊ ಹತ್ತಿದ ಮೇಲೆ ಜನ ತುಂಬಿಕೊಂಡರು. ಹಿಡಿದುಕೊಳ್ಳಲು ಕಂಬ ಹುಡುಕುತ್ತ ಕಾನ್ರಾಡ್ ಎರಡು ಹೆಜ್ಜೆ ಸರಿದ. ನೆಲದ ಮೇಲಿನ ಗುಲಾಬಿ ಗೆರೆ ಅವನಿಗೆ ಕಾಣಲಿಲ್ಲ. ಅದರಾಚೆ ಹೆಂಗಸರ ಜಾಗ. ಒಬ್ಬ ಹುಡುಗಿ ಬ್ಯಾಗನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಸಮವಸ್ತ್ರದವನೊಬ್ಬ ಬಂದು, "ಸರ್, ಲೇಡೀಸ್ ಕ್ಯಾಬಿನ್. ಕಾರ್ಡ್ ಪ್ಲೀಸ್," ಎಂದು ಕೈ ಚಾಚಿದ.

ಮಾರ್ಟಿನಾ ಜನರ ನಡುವೆ ನುಗ್ಗಿ ಬಂದಳು. "ಇವರಿಗೆ ಕಣ್ಣು ಕಾಣುವುದಿಲ್ಲ," ಎಂದಳು ಹಿಂದಿಯಲ್ಲಿ, ಸ್ವಲ್ಪ ಜೋರಾಗಿಯೇ. ಅವನು ಕಾನ್ರಾಡನ ಮುಖ ನೋಡಿ, ದಂಡ ಹಾಕದೆ, ತೋಳು ಹಿಡಿದು ಗೆರೆಯ ಈಚೆಗೆ ತಂದು ನಿಲ್ಲಿಸಿದ. ಡಬ್ಬಿಯ ಜನರೆಲ್ಲ ಅವನಿಗೆ ಜಾಗ ಬಿಟ್ಟರು. ಒಬ್ಬ ಮುದುಕ ಎದ್ದು ತನ್ನ ಸೀಟನ್ನೂ ಕೊಟ್ಟ.

ಆ ಸಂಜೆ ಕಾನ್ರಾಡ್ ಚಹಾ ಮುಟ್ಟಲಿಲ್ಲ. "ಕಣ್ಣು ಕಾಣುವುದಿಲ್ಲ ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿದ್ದು ಯಾಕೆ?"

"ಮತ್ತೆಂತ ಹೇಳಬೇಕಿತ್ತು?"

"ಎಂತದೂ ಹೇಳುವುದು ಬೇಡವಿತ್ತು. ದಂಡ ಕಟ್ಟುತ್ತಿದ್ದೆ."

ಮರುದಿನದಿಂದ ಅವನು ಮೆಟ್ರೊ ಹತ್ತಲಿಲ್ಲ. ರುಡೊಲ್ಫ್ ತನ್ನ ದಾರಿ ಬಿಟ್ಟು, ಸುತ್ತು ಹಾಕಿ ಅವನನ್ನು ಗೋದಾಮಿಗೆ ಬಿಡತೊಡಗಿದ. ರುಡೊಲ್ಫ್ ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ಆದರೆ ಬೇರೆಯವರಿಗೆ ಲಿಫ್ಟ್ ಕೊಟ್ಟೇ ಅಭ್ಯಾಸವಾದ ಕಾನ್ರಾಡನಿಗೆ ತಾನು ತೆಗೆದುಕೊಳ್ಳುವುದು ಆಗಲೇ ಇಲ್ಲ. ಕೆಳಗೆ ಹಾರ್ನ್ ಕೇಳಿದರೆ ತಿನ್ನುತ್ತಿದ್ದ ದೋಸೆ ಬಿಟ್ಟು ಓಡುತ್ತಿದ್ದ. ರಜಾದಿನ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಹಾಡಿನ ಅಭ್ಯಾಸಕ್ಕೆ ಎರಡು ವಾರ ಹೋಗಲಿಲ್ಲ. ಮೂರನೆಯ ವಾರ ಹೇಳಿಯೇಬಿಟ್ಟ: "ಇನ್ನು ಖಲಾಸ್, ಮಾರ್ಟಿ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ, ಶಿರ್ವಕ್ಕೆ ಹೋಗುವ."

ಅಬುಧಾಬಿಯ ಹೋಟೆಲೊಂದರಲ್ಲಿ ಕೆಲಸ ಮಾಡುವ ಮಗ ಶೆಲ್ಡನ್ ಫೋನಿನಲ್ಲಿ ಅದನ್ನೇ ಅಂದ. "ಮಮ್ಮಿ, ಡ್ಯಾಡಿ ಈಸ್ ರೈಟ್. ಕಾರಿಲ್ಲದೆ ಅಲ್ಲಿ ಹೇಗೆ ಇರ್ತೀರಿ?"

"ನಾನು ಇಷ್ಟು ವರ್ಷ ಹೇಗಿದ್ದೆ?" ಎಂದಳು ಮಾರ್ಟಿನಾ. ಅವಳು ಫೋನಿಟ್ಟು ಗಂಡನ ಕಡೆ ತಿರುಗಿದಳು. "ನಿಮ್ಮ ಕಾರು ಹೋದದ್ದು. ದುಬೈ ಎಲ್ಲಿಗೂ ಹೋಗಲಿಲ್ಲ. ನನಗೆ ನನ್ನ ಕೆಲಸ ಬೇಕು, ನಾನು ಬರುವುದಿಲ್ಲ. ನಿಮಗೆ ಇಲ್ಲಿ ಓಡಾಡಲಿಕ್ಕೆ ಕಲಿಯಬೇಕು ಅಂತಿದ್ದರೆ ನಾನು ಕಲಿಸುತ್ತೇನೆ. ಬೇಡವಾದರೆ ಹೇಳಿ."

ಮರುದಿನ ಸಂಜೆ ಅವಳು ಡ್ಯೂಟಿ ಮುಗಿಸಿ ಬಂದಾಗ ಕಾನ್ರಾಡ್ ಶೂ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದ.

ಕಲಿಸುವುದರಲ್ಲಿ ಮಾರ್ಟಿನಾ ದಯೆ ತೋರಿಸಲಿಲ್ಲ. "ಕಣ್ಣು ತಿರುಗಿಸಿದರೆ ಸಾಲದು, ತಲೆಯನ್ನೇ ತಿರುಗಿಸಿ. ಕೋಳಿ ನೋಡುವುದಿಲ್ಲವಾ, ಹಾಗೆ," ಎನ್ನುತ್ತಿದ್ದಳು. ರಸ್ತೆ ದಾಟುವ ಮೊದಲು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ, ಮತ್ತೆ ಎಡಕ್ಕೆ. ಎಸ್ಕಲೇಟರಿನಲ್ಲಿ ಮೊದಲು ಕೈ, ಆಮೇಲೆ ಕಾಲು. ಮೆಟ್ರೊದಲ್ಲಿ ಬಾಗಿಲ ಮೇಲಿನ ನಕ್ಷೆ ನೋಡುವುದಕ್ಕಿಂತ ಕಿವಿಗೊಟ್ಟು ಕೇಳುವುದು ಸುಲಭ. ಮೊದಲ ದಿನ ಒಂದೇ ನಿಲ್ದಾಣ ಹೋಗಿ ವಾಪಸ್ಸು ಬಂದರು. ಕಾನ್ರಾಡ್ ಒಬ್ಬ ಹೆಂಗಸಿನ ಸೂಟ್‌ಕೇಸನ್ನು ಎಡವಿದ, ಎರಡು ಸಲ ತಪ್ಪು ಬಾಗಿಲಿನ ಕಡೆ ನಿಂತ, ಒಂದು ಗಾಜಿನ ಗೋಡೆಗೆ "ಸಾರಿ" ಎಂದ. ಅವಳು ನಗಲಿಲ್ಲ, ಮನೆಗೆ ಬಂದ ಮೇಲೆ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ನಕ್ಕಳು. ಅವನಿಗೆ ಅದು ಕೇಳಿಸಿತು. ತುಂಬಾ ದಿನಗಳ ಮೇಲೆ ಅವನೂ ನಕ್ಕ.

ಹೀಗೆ ಒಂದು ತಿಂಗಳು ಕಳೆದರೂ ಕಾನ್ರಾಡ್ ಒಬ್ಬನೇ ಹೊರಟಿರಲಿಲ್ಲ. ಅವಳು ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ರುಡೊಲ್ಫನ ಕಾರು.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಮೇರಿ ಮಾತೆಗೆ ಮಕ್ಕಳು ಹೂ ಹಾಕುವ, ಹೊಸ ತೆನೆ ಆಶೀರ್ವದಿಸುವ ಹಬ್ಬ. ಆ ವರ್ಷ ಅದು ಭಾನುವಾರವೇ ಬಿದ್ದಿತ್ತು. ಕಾನ್ರಾಡ್ ಹಾಡಿನ ತಂಡಕ್ಕೆ ಮರಳಿದ್ದ, ಹಬ್ಬದ ಪೂಜೆಗೆ ಹೊಸ ಹಾಡುಗಳನ್ನೂ ಕಲಿಸಿದ್ದ. ಮಾರ್ಟಿನಾ ಮಕ್ಕಳಿಗೆ ಹೂವಿನ ಬುಟ್ಟಿ ಸಿದ್ಧ ಮಾಡಲು ಬೇಗನೆ ಮೆಟ್ರೊದಲ್ಲಿ ಹೋದಳು. ಹಾಡಿಗೆ ನುಡಿಸುವ ಕೀಬೋರ್ಡನ್ನು ಒಯ್ಯಬೇಕಿದ್ದುದರಿಂದ ಕಾನ್ರಾಡ್ ರುಡೊಲ್ಫನ ಜೊತೆ ಕಾರಿನಲ್ಲಿ ಹೊರಟ.

ರಾಸ್ ಅಲ್ ಖೋರ್ ದಾಟುವಷ್ಟರಲ್ಲಿ ಮುಂದೆ ಎಲ್ಲೋ ಆಕ್ಸಿಡೆಂಟಾಗಿ ವಾಹನಗಳೆಲ್ಲ ನಿಂತುಬಿಟ್ಟವು. ರುಡೊಲ್ಫ್ ಹೇಗೋ ಜದ್ದಾಫ್‌ನ ಒಳರಸ್ತೆಗೆ ನುಗ್ಗಿಸಿದ. ಎಲ್ಲರೂ ಅದೇ ಉಪಾಯ ಮಾಡಿದ್ದರು. ಅಲ್ಲೂ ಕಾರಿನ ಹಿಂದೆ ಕಾರು. ಒಂದು ಕಟ್ಟಡದ ನೆರಳು ಕಾರಿನ ಬಾನೆಟ್ಟಿನಿಂದ ಸರಿದು ಹೋಯಿತು, ಕಾರು ಸರಿಯಲಿಲ್ಲ.

"ಯಲ್ಲಾ, ಯಲ್ಲಾ, ಬೇಗ ಹೊರಡಿ," ಎಂದು ರುಡೊಲ್ಫ್ ಸ್ಟೀರಿಂಗ್ ಬಡಿದ. "ಪೂಜೆ ಶುರುವಾಗ್ತದೆ, ಕಾನ್ರಾಡ್ ಬಾಬ್. ನೀವಿಲ್ಲದೆ ಅವರು ಹಾಡುವುದು ಹೇಗೆ?"

ಕಾನ್ರಾಡ್ ಎದುರಿನ ಗಾಜಿನಲ್ಲಿ ನೋಡಿದ. ಕಾರುಗಳ ಸಾಲಿನಾಚೆ, ನೆಟ್ಟಗೆ ಎದುರಿಗೆ, ಮೆಟ್ರೊದ ಫಲಕ ಕಾಣುತ್ತಿತ್ತು. ಅದು ಜದ್ದಾಫ್ ನಿಲ್ದಾಣ. ಮಾರ್ಟಿನಾ ಅವನಿಗೆ ಹಸಿರು ಲೈನನ್ನು ಬಾಯಿಪಾಠ ಮಾಡಿಸಿದ್ದಳು. ಇಲ್ಲಿಂದ ಹೆಲ್ತ್‌ಕೇರ್ ಸಿಟಿ, ಅದರ ಮುಂದಿನದ್ದೇ ಊದ್ ಮೆಥಾ.

ಅವನು ಸೀಟ್ ಬೆಲ್ಟ್ ಬಿಚ್ಚಿದ. "ಕೀಬೋರ್ಡ್ ನೀನು ತಾ. ನಾನು ಹೋಗ್ತೇನೆ."

"ಒಬ್ಬರೇ? ಎಂತ ಹೇಳ್ತೀರಿ? ಮಾರ್ಟಿನಾ ಬಾಯಿ ನನ್ನನ್ನು ಕೊಲ್ತಾರೆ!"

ಕಾನ್ರಾಡ್ ಆಗಲೇ ಬಾಗಿಲು ತೆಗೆದಿದ್ದ.

ಹೊರಗೆ ಬಿಸಿಲು ಒಲೆಯ ಮುಂದೆ ನಿಂತ ಹಾಗಿತ್ತು. ಮೊದಲ ರಸ್ತೆ ದಾಟುವಲ್ಲಿ ಅವನು ಎಡಕ್ಕೆ ಪೂರ್ತಿ ತಿರುಗಿದ, ಬಲಕ್ಕೆ ಪೂರ್ತಿ ತಿರುಗಿದ, ಮತ್ತೆ ಎಡಕ್ಕೆ ತಿರುಗುವಾಗ ಒಂದು ಡೆಲಿವರಿ ಬೈಕು ಎಲ್ಲಿಂದಲೋ ಬಂದು ಮೂಗಿನ ಮುಂದೆಯೇ ಹಾದುಹೋಯಿತು. ವಾಪಸ್ಸು ಕಾರಿಗೆ ಹೋಗಿಬಿಡಲೇ ಅನ್ನಿಸಿತು. ಹಿಂದಿರುಗಿ ನೋಡಿದರೆ ರುಡೊಲ್ಫನ ಕಾರು ಇದ್ದಲ್ಲೇ ಇತ್ತು. ಕಾನ್ರಾಡ್ ಇನ್ನೊಮ್ಮೆ ಎಡ, ಬಲ, ಎಡ ನೋಡಿ ದಾಟಿದ.

ನಿಲ್ದಾಣದ ತಂಪಿನಲ್ಲಿ ಕಾರ್ಡ್ ಮುಟ್ಟಿಸಿದಾಗ ಬಂದ ಬೀಪ್ ಸದ್ದು ಕಿವಿಗೆ ಹಿತವಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ತಲೆ ಬಗ್ಗಿಸಿ ನೆಲವನ್ನು ಪೂರ್ತಿ ನೋಡಿ, ಗುಲಾಬಿ ಬಣ್ಣದಿಂದ ಆದಷ್ಟು ದೂರ ಹೋಗಿ ನಿಂತ. ರೈಲು ಬಂತು. ಒಂದು ನಿಲ್ದಾಣ ಕಳೆಯಿತು. ಎರಡನೆಯದರ ಹೆಸರು ಕೂಗಿದಾಗ ಅವನು ಬಾಗಿಲ ಬಳಿಯಲ್ಲೇ ಇದ್ದ, ಈ ಸಲ ಸರಿಯಾದ ಬಾಗಿಲು.

ಇಗರ್ಜಿಯ ಅಂಗಳದಲ್ಲಿ ಮಕ್ಕಳು ಬುಟ್ಟಿ ಹಿಡಿದು ಸಾಲಾಗಿ ನಿಂತಿದ್ದರು. ತಂಡದವರು ದಾರಿ ನೋಡಿ ನೋಡಿ ಸುಸ್ತಾಗಿದ್ದರು. ಬೆವರಿನಲ್ಲಿ ಪೂರ್ತಿ ಒದ್ದೆಯಾದ ಅಂಗಿಯಲ್ಲಿ ಗೇಟಿನೊಳಗೆ ಬಂದ ಗಂಡನನ್ನು ಮಾರ್ಟಿನಾ ಮೊದಲು ಕಂಡಳು.

"ರುಡೊಲ್ಫ್ ಎಲ್ಲಿ?"

"ಜದ್ದಾಫ್‌ನಲ್ಲಿ. ಕಾರಿನಲ್ಲಿ ಕೂತಿದ್ದಾನೆ."

"ಮತ್ತೆ ನೀವು?"

"ಎರಡೇ ಸ್ಟೇಷನ್ ಅಲ್ಲವಾ, ಮಾರಾಯ್ತಿ," ಎಂದ ಕಾನ್ರಾಡ್, ಹುಟ್ಟಿದಂದಿನಿಂದ ಮೆಟ್ರೊದಲ್ಲೇ ಓಡಾಡಿದವನ ಹಾಗೆ.

ಅವಳ ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ಅದನ್ನು ಅಲ್ಲೇ ಕೆಳಗಿಟ್ಟು, ಎಲ್ಲರೆದುರಿಗೆ ಗಂಡನ ಕುತ್ತಿಗೆ ತಬ್ಬಿಕೊಂಡಳು. ಮೂವತ್ತು ವರ್ಷಗಳ ಸಂಸಾರದಲ್ಲಿ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಆ ದಿನ ಕೀಬೋರ್ಡ್ ಇಲ್ಲದೆಯೇ ಹಾಡಿದರು. ಕಾನ್ರಾಡ್ ಕೈಯೆತ್ತಿ ಶುರು ಮಾಡಿದ ಹಾಡಿಗೆ ಅಂಗಳದ ಜನರೆಲ್ಲ ದನಿಗೂಡಿಸಿದರು. ರುಡೊಲ್ಫ್ ಬಂದು ಮುಟ್ಟಿದಾಗ ಜನ ಊಟಕ್ಕೆ ಕೂತಿದ್ದರು.

ಅಲ್ಲಿಂದ ಮುಂದೆ ಕಾನ್ರಾಡ್ ಗೋದಾಮಿಗೆ ಒಬ್ಬನೇ ಹೋಗತೊಡಗಿದ. ರುಡೊಲ್ಫನ ಹೆಂಡತಿಗೂ ಗ್ರೀನ್ ಲೈನ್, ರೆಡ್ ಲೈನ್ ಎಂದು ಪಾಠ ಹೇಳಲು ಹೊರಟ. ಮಾರ್ಟಿನಾ ಈ ಸುದ್ದಿಯನ್ನೆಲ್ಲ ಕ್ಲಿನಿಕ್ಕಿನಲ್ಲಿ ಹೇಳುವಾಗ ರಿಸೆಪ್ಷನ್ನಿನ ಆಮಿನ ಕೇಳಿಸಿಕೊಂಡಳು. ಕಾಸರಗೋಡಿನ ಆಮಿನ ರಜಾದಿನಗಳಲ್ಲಿ ಒಂದು ಸೈಕಲ್ ಕ್ಲಬ್ಬಿನ ಜೊತೆ ಸವಾರಿ ಹೋಗುವವಳು.

"ಮಾರ್ಟಿನಾ ಆಂಟಿ, ನಮ್ಮ ಕ್ಲಬ್ಬಿನಲ್ಲಿ ಇಬ್ಬರು ತುಳಿಯುವ ಸೈಕಲ್ ಉಂಟು. ಕಣ್ಣು ಕಡಿಮೆ ಇರುವವರು ಹಿಂದೆ ಕೂತು ತುಳಿಯುತ್ತಾರೆ. ನವೆಂಬರಿನಲ್ಲಿ ಶೇಖ್ ಝಾಯೆದ್ ರಸ್ತೆಯನ್ನು ಒಂದು ಬೆಳಿಗ್ಗೆ ಸೈಕಲುಗಳಿಗೆ ಬಿಟ್ಟುಕೊಡುತ್ತಾರಲ್ಲ, ಅಂಕಲನ್ನು ಕರೆದುಕೊಂಡು ಬನ್ನಿ. ಮುಂದೆ ನಮ್ಮವರು ಯಾರಾದರೂ ಕೂರುತ್ತಾರೆ."

ಕಾನ್ರಾಡ್ ಚಿಕ್ಕಂದಿನಲ್ಲಿ ಶಿರ್ವದ ಏರು ತಗ್ಗುಗಳಲ್ಲಿ ಸೈಕಲ್ ತುಳಿದವನು. ವಿಷಯ ಕೇಳಿ ಅವನ ಮುಖ ಅರಳಿತು. ಆಮೇಲೆ ಅಂದ: "ಬೇರೆ ಯಾರೋ ಯಾಕೆ? ಮುಂದೆ ನೀನು ಕೂರು."

"ನನಗೆ ಸೈಕಲ್ ಬರುವುದಿಲ್ಲ!"

"ನನಗೆ ಮೆಟ್ರೊ ಬರುತ್ತಿತ್ತಾ?"

ಆಮಿನಳಿಂದ ಒಂದು ಹಳೆಯ ಸೈಕಲ್ ತಂದು ಫ್ರಾನ್ಸ್ ಕ್ಲಸ್ಟರಿನ ಪಾರ್ಕಿಂಗಿನಲ್ಲಿ ಕಲಿಯುವುದು ಶುರುವಾಯಿತು. ಐವತ್ತು ದಾಟಿದ ನರ್ಸು ಹೆಲ್ಮೆಟ್ ಹಾಕಿ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಹತ್ತುವುದನ್ನು ನೋಡಲು ಬಾಲ್ಕನಿಗಳಲ್ಲಿ ಜನ ನಿಂತರು. ಕಾನ್ರಾಡ್ ಹಿಂದೆ ಸೀಟು ಹಿಡಿದು ಓಡಿದ. "ಚಕ್ರ ನೋಡಬೇಡ, ದೂರ ನೋಡು! ಹೆದರಿ ನಿಲ್ಲಿಸಿದರೆ ಬೀಳ್ತಿ, ತುಳಿ!" ಅವಳು ಬಿದ್ದಳು. ಎದ್ದು ಮತ್ತೆ ಬಿದ್ದಳು. ಮೊಣಕಾಲಿಗೆ ತಾನೇ ಡ್ರೆಸ್ಸಿಂಗ್ ಮಾಡಿಕೊಂಡು ಮರುದಿನ ಡ್ಯೂಟಿಗೆ ಕುಂಟುತ್ತ ಹೋದಳು. "ಮೂರು ಸಲ ಫೇಲಾದವಳು ನಾನು. ಇದೆಲ್ಲ ನನ್ನ ಹಣೆಯಲ್ಲಿ ಬರೆದಿಲ್ಲ," ಎಂದು ಒಂದು ಸಂಜೆ ಅಳುವುದಕ್ಕೇ ಬಂದಿದ್ದಳು.

"ಆಗ ನಿನ್ನ ಪಕ್ಕ ಕೂತದ್ದು ಆ ಸಿಡುಕ ಪರೀಕ್ಷಕ," ಎಂದ ಕಾನ್ರಾಡ್. "ಈಗ ಹಿಂದೆ ನಾನಿದ್ದೇನೆ. ಹತ್ತು."

ಅಕ್ಟೋಬರಿನ ಒಂದು ಸಂಜೆ ಅವಳಿಗೆ ಹಿಂದಿನಿಂದ ಅವನ ಕಾಲಿನ ಸದ್ದು ಕೇಳಿಸಲಿಲ್ಲ. ತಿರುಗಿ ನೋಡಲು ಧೈರ್ಯವಿಲ್ಲದೆ ತುಳಿಯುತ್ತಲೇ ಹೋದಳು. ಪಾರ್ಕಿಂಗಿನ ತುದಿಯಲ್ಲಿ ತಿರುಗಿದಾಗ ಅವನು ದೂರದಲ್ಲಿ, ಬಿಟ್ಟ ಜಾಗದಲ್ಲೇ ಕೈಕಟ್ಟಿ ನಿಂತಿದ್ದ. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಒಂದು ವಾರದಲ್ಲಿ ಅವಳು ಫ್ರಾನ್ಸಿನಿಂದ ಹೊರಟು ಸ್ಪೇನ್ ಕ್ಲಸ್ಟರ್, ಇಟಲಿ ಕ್ಲಸ್ಟರ್ ಸುತ್ತಿ, ಗ್ರೀಸಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದಳು. "ಯುರೋಪಿಗೆ ವೀಸಾ ಕೇಳಲೇ ಇಲ್ಲ ನೋಡಿ," ಎಂದು ಸೊಪ್ಪನ್ನು ಮೇಜಿನ ಮೇಲೆ ಹಾಕಿದಳು. ಆಮೇಲೆ ಆಮಿನಳ ಕ್ಲಬ್ಬಿನವರು ಇಬ್ಬರ ಸೈಕಲನ್ನು ತಂದುಕೊಟ್ಟರು. ಮೂರು ಶನಿವಾರ ಇಬ್ಬರೂ ಸೇರಿ ಅಭ್ಯಾಸ ಮಾಡಿದರು. ಮೊದಲ ಶನಿವಾರ ಪೂರ್ತಿ ಜಗಳದಲ್ಲೇ ಹೋಯಿತು. ಹಿಂದೆ ಕೂತು ಕಾನ್ರಾಡ್ "ಬ್ರೇಕ್, ಬ್ರೇಕ್" ಎಂದು ಕಿರುಚುತ್ತಿದ್ದ. "ಬ್ರೇಕ್ ನನ್ನ ಕೈಯಲ್ಲುಂಟು. ನೀವು ಸುಮ್ಮನೆ ತುಳಿಯಿರಿ," ಎಂದಳು ಅವಳು.

ನವೆಂಬರಿನ ಆ ಭಾನುವಾರ ಬೆಳಕು ಹರಿಯುವ ಮೊದಲೇ ರುಡೊಲ್ಫ್ ಅವರನ್ನು ಮೆಟ್ರೊ ತನಕ ಬಿಟ್ಟ. ಈ ಸಲ ಕಾನ್ರಾಡ್ ಅವನ ಬೆನ್ನು ತಟ್ಟಿ, "ದೇವ್ ಬರೆಂ ಕರುಂ, ರುಡೊಲ್ಫ್," ಎಂದು ಮನಸಾರೆ ಧನ್ಯವಾದ ಹೇಳಿ ಇಳಿದ. ಡಬ್ಬಿಯ ತುಂಬ ಹೆಲ್ಮೆಟ್ ಹಾಕಿದ ಜನ. ವರ್ಲ್ಡ್ ಟ್ರೇಡ್ ಸೆಂಟರ್ ಹತ್ತಿರದ ಗೇಟಿನಲ್ಲಿ ಆಮಿನ ಸೈಕಲ್ ಹಿಡಿದು ಕಾಯುತ್ತಿದ್ದಳು.

ಶೇಖ್ ಝಾಯೆದ್ ರಸ್ತೆಯಲ್ಲಿ ಒಂದು ಕಾರೂ ಇರಲಿಲ್ಲ. ಅಷ್ಟು ಅಗಲದ ರಸ್ತೆ ಸೈಕಲುಗಳಿಂದ ತುಂಬಿತ್ತು. ಮುದುಕರು, ಮಗುವನ್ನು ಹಿಂದೆ ಕೂರಿಸಿಕೊಂಡ ತಾಯಂದಿರು, ಪಂಚೆ ಮಡಚಿ ಕಟ್ಟಿದ ಒಬ್ಬ ಮಲಯಾಳಿ. ಮಾರ್ಟಿನಾ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಳು.

"ಕಾನ್ರಾಡ್, ತುಂಬಾ ಜನ."

"ನನಗೆ ಕಾಣುವುದಿಲ್ಲವಲ್ಲ, ನೀನೇ ಹೇಳು," ಎಂದ ಅವನು. ಮೊದಲ ಸಲ ಅವನು ತನ್ನ ಕಣ್ಣಿನ ಬಗ್ಗೆ ತಾನೇ ತಮಾಷೆ ಮಾಡಿದ್ದ. ಅವಳಿಗೆ ನಗು ಬಂತು. ನಗುತ್ತಲೇ ಪೆಡಲಿಗೆ ಕಾಲಿಟ್ಟಳು.

ಸೈಕಲ್ ಒಮ್ಮೆ ಓಲಾಡಿ, ನೆಟ್ಟಗಾಗಿ, ಓಡಿತು. ಎಡಗಡೆ ಏನು, ಬಲಗಡೆ ಏನು ಎಂದು ಅವಳು ಕೂಗಿ ಹೇಳುತ್ತ ಹೋದಳು. ಅವನು ತಲೆಯನ್ನು ಪೂರ್ತಿ ತಿರುಗಿಸಿ ಒಂದೊಂದನ್ನೂ ನೋಡಿದ. ಗೋಪುರಗಳ ಗಾಜಿನ ಮೇಲೆ ಬಿಸಿಲು ಏರುತ್ತಿತ್ತು. "ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ್ದೇನೆ," ಎಂದ ಅವನು, "ಮುಂದಿನ ಕಾರಿನ ನಂಬರ್ ಪ್ಲೇಟ್ ಬಿಟ್ಟು ಏನೂ ನೋಡಿಲ್ಲ."

ಮೇಲ್ಸೇತುವೆಯ ಏರಿನಲ್ಲಿ ಅವಳ ಕಾಲು ಸೋತಿತು. ಪಕ್ಕದಲ್ಲಿ ಜನ ಇಳಿದು ತಳ್ಳತೊಡಗಿದ್ದರು. ಮುಂದಿದ್ದ ಒಬ್ಬ ಏಕಾಏಕಿ ನಿಂತ. ಸೈಕಲ್ ವಾಲಿತು. "ಇಳಿಯುವಾ?" ಎಂದು ಅವಳು ಕಿರುಚಿದಳು.

"ಬಲಕ್ಕೆ ಜಾಗ ಉಂಟಾ?"

"ಉಂಟು!"

"ಹಾಗಾದರೆ ತಿರುಗಿಸು. ತುಳಿಯುವುದು ನನಗೆ ಬಿಡು!"

ಅವಳು ತಿರುಗಿಸಿದಳು. ಹಿಂದಿನಿಂದ ಅವನ ಬಲ ಪೆಡಲುಗಳಿಗೆ ಬಂತು. ಅದು ಅವಳ ಪಾದಗಳಿಗೆ ತಿಳಿಯಿತು. ಅವನು ಉಸಿರು ಕಟ್ಟುತ್ತಿದ್ದರೂ ಮೊಂತಿ ಹಬ್ಬದ ದಿನ ಹಾಡಿಸಿದ ಹಾಡನ್ನು ತಾಳ ಹಾಕಿ ಹಾಡತೊಡಗಿದ. ತಾಳಕ್ಕೆ ಸರಿಯಾಗಿ ಇಬ್ಬರ ಕಾಲುಗಳೂ ತಿರುಗಿದವು. ತಳ್ಳಿಕೊಂಡು ಹೋಗುತ್ತಿದ್ದ ಯುವಕರು ಈ ಗಂಡ ಹೆಂಡತಿಯನ್ನು ನೋಡಿ "ಯಲ್ಲಾ! ಯಲ್ಲಾ!" ಎಂದು ಕೂಗಿದರು. ಏರು ಮುಗಿದು ಸೈಕಲ್ ಇಳಿಜಾರಿಗೆ ಬಿದ್ದಾಗ ಮಾರ್ಟಿನಾ ಬ್ರೇಕು ಮುಟ್ಟಲಿಲ್ಲ. ಗಾಳಿ ಮುಖಕ್ಕೆ ಬಡಿಯಿತು, ದುಪಟ್ಟಾ ಹಾರಿ ಕಾನ್ರಾಡನ ಮುಖ ಮುಚ್ಚಿತು, ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹಾಗೆಯೇ ಹಾಡಿದ.

ಮುಗಿಯುವ ಜಾಗದಲ್ಲಿ ಆಮಿನ ಇಬ್ಬರಿಗೂ ನೀರು ಕೊಟ್ಟು ಫೋಟೋ ತೆಗೆದಳು. ಮಾರ್ಟಿನಾ ರಸ್ತೆಯ ಅಂಚಿನಲ್ಲಿ ಕಾಲು ಚಾಚಿ ಕೂತು, ಮುಖ ಕೆಂಪಾಗಿ ನಗುತ್ತಿದ್ದಳು. ಕಾನ್ರಾಡ್ ಫೋಟೋವನ್ನು ಶೆಲ್ಡನ್‌ಗೆ ಕಳಿಸಿದ. ಅರ್ಧ ನಿಮಿಷದಲ್ಲಿ ಮಗನ ಫೋನ್ ಬಂತು.

"ಡ್ಯಾಡಿ, ಈಸ್ ದಟ್ ಮಮ್ಮಿ? ಮಮ್ಮಿ ಸೈಕಲ್ ಬಿಡ್ತಿದ್ದಾರಾ?"

"ಮತ್ತೆ ಯಾರು? ಕೇಳು, ನೀನು ಇವತ್ತು ರಜೆ ಅಲ್ಲವಾ? ಮಧ್ಯಾಹ್ನ ಊಟಕ್ಕೆ ನಾವು ಅಬುಧಾಬಿಗೆ ಬರ್ತೇವೆ."

"ಯಾರು ಕರ್ಕೊಂಡು ಬರ್ತಾರೆ? ರುಡೊಲ್ಫ್ ಅಂಕಲ್?"

ಕಾನ್ರಾಡ್ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಎದ್ದು ನಿಂತು, ಹೆಲ್ಮೆಟ್ ಬಿಚ್ಚಿ, ಮೆಟ್ರೊದ ದಾರಿ ಯಾವ ಕಡೆ ಎಂದು ನೋಡುತ್ತಿದ್ದಳು.

"ಇಬ್ನ್ ಬತೂತಾ ತನಕ ಮೆಟ್ರೊ," ಎಂದ ಕಾನ್ರಾಡ್. "ಅಲ್ಲಿಂದ ಬಸ್ಸು. ನೀನು ಮೀನು ತಂದಿಡು, ಸಾರು ಮಮ್ಮಿ ಬಂದು ಮಾಡ್ತಾಳೆ."